ಪೆದ್ದಾಯನಿಗೆ ಹೇಳಬ್ಯಾಡ

ಚಳ್ಳಕೆರೆಯಲ್ಲಿ ನಡೆಯುವ ಯಾವ ಆಟವೂ ನ್ಯಾಯವಾಗಿ ನಡೆಯುವುದಿಲ್ಲ ಎಂಬುದು ಬೊಮ್ಮಣ್ಣನ ಖಚಿತ ಅಭಿಪ್ರಾಯವಾಗಿತ್ತು. ಚಳ್ಳಕೆರೆಯಿಂದಾಚೆ ನಡೆಯುವ ಆಟಗಳ ಬಗ್ಗೆ ಆತನ ಅಭಿಪ್ರಾಯ ಇನ್ನೂ ಕೆಟ್ಟದಾಗಿತ್ತು. ಕ್ರಿಕೆಟ್ಟನ್ನು ಆತ ಕೈಬಿಟ್ಟು ಹತ್ತು ವರ್ಷವಾಗಿತ್ತು. ಶಾಲೆಯ ವಾರ್ಷಿಕೋತ್ಸವದ ಕುರ್ಚಿ ಆಟವನ್ನೂ ನಂಬುತ್ತಿರಲಿಲ್ಲ. "ಹಾಡು ನಿಲ್ಸೋ ಮೇಷ್ಟ್ರು ಯಾರ ಕಡೆಯೋರು ಅಂತ ಮೊದ್ಲು ತಿಳ್ಕಳ್ರಿ" ಎನ್ನುತ್ತಿದ್ದ. ಎರಡು ವರ್ಷದಿಂದ ಆತನ ಕಣ್ಣು ಫುಟ್‌ಬಾಲ್ ಮೇಲೆ ಬಿದ್ದಿತ್ತು. ಆಟದ ನಿಯಮಗಳು ಆತನಿಗೆ ಗೊತ್ತಿರಲಿಲ್ಲ, ಮೋಸ ಮಾತ್ರ ಗೊತ್ತಾಗುತ್ತಿತ್ತು.

ಇದಕ್ಕೆ ಕಾರಣ ಆತನ ಕೆಲಸ. ಮೂವತ್ತೊಂದು ವರ್ಷದಿಂದ ಒಂದು ಎಣ್ಣೆ ಮಿಲ್ಲಿನಲ್ಲಿ ಶೇಂಗಾ ತೂಗುತ್ತಿದ್ದ. ಚೀಲದ ತಳದಲ್ಲಿ ಕಲ್ಲಿಟ್ಟವರನ್ನು, ಕಾಯಿಗೆ ನೀರು ಚಿಮುಕಿಸಿದವರನ್ನು, ತೂಕದ ಹಲಗೆಯ ಮೇಲೆ ಮೆಲ್ಲಗೆ ಹೆಬ್ಬೆರಳು ಊರಿದವರನ್ನು ಹಿಡಿದು ಹಿಡಿದು ಆತನ ಕಣ್ಣು ಹಾಗಾಗಿಬಿಟ್ಟಿತ್ತು. ತಾನು ಮಾತ್ರ ಒಂದು ಕಾಳು ಆಚೀಚೆ ಮಾಡಿದವನಲ್ಲ. "ಬೊಮ್ಮಣ್ಣ ತೂಗಿದ್ದು" ಎಂದರೆ ರೈತರು ಮೆಷಿನ್ನಿನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಆಸ್ತಿ ಎಂದು ಆತನಿಗೆ ಇದ್ದದ್ದು ಈ ಹೆಸರು, ಮತ್ತು ಮಗಳು ಸೌಂದರ್ಯ.

ಸೌಂದರ್ಯ ಕುದಾಪುರದ ಕ್ಯಾಂಪಸ್ಸೊಂದರಲ್ಲಿ ಲ್ಯಾಬ್ ಸಹಾಯಕಿ. ವಯಸ್ಸು ಇಪ್ಪತ್ತೊಂಬತ್ತು. ಅಷ್ಟರಲ್ಲಿ ಹನ್ನೊಂದು ಸಂಬಂಧ ಬಂದು ಹನ್ನೊಂದೂ ಅಪ್ಪನ ದೆಸೆಯಿಂದ ಮುರಿದಿದ್ದವು. ಒಬ್ಬ ಹುಡುಗನ ಸಂಬಳದ ಚೀಟಿಯನ್ನು ಬೊಮ್ಮಣ್ಣ ಬಿಸಿಲಿಗೆ ಹಿಡಿದು ನೋಡಿದ್ದ. ಇನ್ನೊಬ್ಬನಿಗೆ "ಕೂದ್ಲು ನಿಮ್ದೇನಾ?" ಎಂದು ಕೇಳಿ, ಉತ್ತರ ಬರುವ ಮೊದಲೇ ಎಳೆದಿದ್ದ. ಕೂದಲು ಆತನದೇ ಆಗಿತ್ತು. ಸಂಬಂಧ ಮಾತ್ರ ಉಳಿಯಲಿಲ್ಲ.

ಹನ್ನೆರಡನೆಯವನು ಅಂಜನ್. ಮೊಳಕಾಲ್ಮೂರಿನ ರೇಷ್ಮೆ ನೇಯುವ ಮನೆಯ ಹುಡುಗ, ಅಲ್ಲೇ ಒಂದು ಶಾಲೆಯಲ್ಲಿ ಆಟದ ಮೇಷ್ಟ್ರು. ಅದರ ಜೊತೆಗೆ, ಪರೀಕ್ಷೆಯ ಮೇಲೆ ಪರೀಕ್ಷೆ ಪಾಸು ಮಾಡಿ, ಸಂಬಳ ಕೊಟ್ಟು ಆಡಿಸುವ ದೊಡ್ಡ ಫುಟ್‌ಬಾಲ್ ಲೀಗಿನಲ್ಲಿ ರೆಫರಿ. ಸೌಂದರ್ಯ ಆತನನ್ನು ನೋಡಿದ್ದು ಕ್ಯಾಂಪಸ್ಸಿನ ಮೈದಾನದಲ್ಲಿ. ಸಿಬ್ಬಂದಿಯ ಆಟಕ್ಕೆ ಸೀಟಿ ಊದಲು ಬಂದಿದ್ದ. ದೊಡ್ಡ ಸಾಹೇಬರೊಬ್ಬರು ಯಾರೂ ಮುಟ್ಟದೆಯೇ ಗೋಲಿನ ಮುಂದೆ ಬಿದ್ದು ಹೊರಳಾಡಿದಾಗ, ಇಡೀ ಮೈದಾನ ಪೆನಾಲ್ಟಿ ಪೆನಾಲ್ಟಿ ಎಂದು ಕೂಗಿದಾಗ, ಆತ ಹತ್ತಿರ ಹೋಗಿ "ಏಳಿ ಸಾರ್, ಪ್ಯಾಂಟು ಮಣ್ಣಾಗುತ್ತೆ" ಎಂದನಂತೆ. ಸೌಂದರ್ಯ ಅವತ್ತೇ ಮನೆಗೆ ಬಂದು, "ಅವ್ವಾ, ಮದ್ವೆ ಅಂತ ಆದ್ರೆ ಈತನ್ನ ಆಗ್ತೀನಿ. ಇಲ್ಲಾಂದ್ರೆ ಈ ವಿಷ್ಯ ಇನ್ನು ಎತ್ತಬ್ಯಾಡ" ಎಂದಿದ್ದಳು.

ತಾಯಿ ರಾಧಮ್ಮ ಮೊಳಕಾಲ್ಮೂರಿನ ಮದುವೆ ದಲ್ಲಾಳಿ ಜೋಗಪ್ಪನನ್ನು ಹಿಡಿದು ಮಾತುಕತೆ ಶುರುಮಾಡಿದಳು. ಗಂಡನಿಗೆ ಹುಡುಗ ಆಟದ ಮೇಷ್ಟ್ರು ಎಂದಷ್ಟೇ ಹೇಳಿದಳು. "ರೆಫ್ರಿ ಅಂದ್ರೆ ನಿಮ್ಮಪ್ಪ ಬಾಗ್ಲಲ್ಲೇ ತೂಕಕ್ಕೆ ಹಾಕ್ತಾರೆ. ತಾಳಿ ಬೀಳಲಿ, ಆಮೇಲೆ ಹೇಳಾನ" ಎಂದು ಮಗಳಿಗೆ ಸಮಾಧಾನ ಮಾಡಿದಳು. ಎಲ್ಲ ಸರಿಯಾಗಿಯೇ ನಡೆಯುತ್ತಿತ್ತು. ಆದರೆ ರಾಧಮ್ಮ ಹಿಂದೊಮ್ಮೆ ಗಂಡನ ಫೋನಿನಿಂದ ಜೋಗಪ್ಪನಿಗೆ ಕರೆ ಮಾಡಿದ್ದಳು. ಆ ಪುಣ್ಯಾತ್ಮ ಆ ನಂಬರನ್ನೇ "ರಾಧಕ್ಕ" ಎಂದು ಬರೆದಿಟ್ಟುಕೊಂಡಿದ್ದ. ಮುಂದಿನದಕ್ಕೆಲ್ಲ ಇಷ್ಟೇ ಸಾಕಾಯಿತು.

ಶನಿವಾರ ಬೆಳಿಗ್ಗೆ ಬೊಮ್ಮಣ್ಣ ಮಿಲ್ಲಿನಲ್ಲಿದ್ದಾಗ ಗೊತ್ತಿಲ್ಲದ ನಂಬರಿನಿಂದ ಫೋನಿಗೆ ಒಂದು ದನಿಯ ಮೆಸೇಜು ಬಂತು.

"ಅಕ್ಕಾ, ಮ್ಯಾಚ್ ಫಿಕ್ಸ್ ಅಂತ ತಿಳ್ಕ. ರೆಫ್ರಿ ಕಡೆಯಿಂದ ಒಪ್ಗೆ ಸಿಕ್ತು. ಎರಡೂ ಪಾರ್ಟಿಗೂ ಖುಷಿ ಐತೆ. ನಾಳೆ ಸಂಜೆ ಬೆಂಗ್ಳೂರಾಗೆ ಆಟ ಐತಲ್ಲ, ಅದು ಮುಗಿಸ್ಕಂಡು ಬರ್ತಾನೆ. ಹಳದಿ ಮೊದ್ಲು, ಕೆಂಪು ಆಮೇಲೆ. ಎರಡೂ ರೆಡಿ ಐತೆ. ಆದ್ರೆ ಪೆದ್ದಾಯನಿಗೆ ಹೇಳಬ್ಯಾಡ, ಎಲ್ಲಾ ಕೆಡಿಸಿಬಿಡ್ತಾನೆ."

ಮ್ಯಾಚ್ ಎಂದರೆ ಸಂಬಂಧ, ಫಿಕ್ಸ್ ಎಂದರೆ ಗಟ್ಟಿಯಾಯಿತು, ಪಾರ್ಟಿ ಎಂದರೆ ಗಂಡಿನ ಕಡೆ ಹೆಣ್ಣಿನ ಕಡೆ ಎಂಬುದು ನಮ್ಮ ಸೀಮೆಯ ಎಲ್ಲರಿಗೂ ಗೊತ್ತು. ಹಳದಿ ಎಂದರೆ ನಿಶ್ಚಿತಾರ್ಥಕ್ಕೆ ಅಂಜನ್ ಮನೆಯ ಮಗ್ಗದಲ್ಲೇ ನೇಯ್ದ ರೇಷ್ಮೆ ಸೀರೆ, ಕೆಂಪು ಎಂದರೆ ಧಾರೆಗೆ ನೇಯ್ದದ್ದು. ಪೆದ್ದಾಯನ ಎಂದರೆ ಮೊಳಕಾಲ್ಮೂರಿನ ಅರ್ಧ ತೆಲುಗಿನಲ್ಲಿ ಮನೆಯ ಹಿರಿಯ. ಕನ್ನಡದ ಕಿವಿಗೆ ಅದು ಬೇರೆ ಏನೋ ಆಗಿ ಕೇಳಿಸುತ್ತದೆ. ಹೇಗೆ ಕೇಳಿಸಿಕೊಂಡರೂ ಆ ಮಾತು ಬೊಮ್ಮಣ್ಣನಿಗೇ ಸಲ್ಲುತ್ತಿತ್ತು.

ಬೊಮ್ಮಣ್ಣ ಮಾತ್ರ ಅದನ್ನು ಏಳು ಸಲ ನಿಂತುಕೊಂಡು ಕೇಳಿದ. ಇಷ್ಟು ವರ್ಷ ಊರೆಲ್ಲ ನಕ್ಕಿದ್ದ ಸತ್ಯ ತಾನಾಗಿ ನಡೆದುಕೊಂಡು ಬಂದು ಆತನ ಅಂಗಿಯ ಜೇಬಿನಲ್ಲಿ ಕೂತಿತ್ತು. ನಾಳೆ ಸಂಜೆ ಐದು ಗಂಟೆಯ ಆಟದಲ್ಲಿ ರೆಫರಿ ಒಪ್ಪಿದ್ದಾನೆ. ಮೊದಲು ಹಳದಿ ಕಾರ್ಡು ತೋರಿಸುತ್ತಾನೆ, ಆಮೇಲೆ ಕೆಂಪು ಕಾರ್ಡು. ಇದನ್ನೆಲ್ಲ ಆಡಿಸುತ್ತಿರುವವಳು ಯಾರೋ "ಅಕ್ಕ". ಆ ಅಕ್ಕನಿಗೂ ಮೇಲೆ ಒಬ್ಬ ಪೆದ್ದಾಯನ.

ಆತ ನೆಟ್ಟಗೆ ನಿಂಗಕ್ಕನ ಮಂಡಕ್ಕಿ ಅಂಗಡಿಗೆ ಹೋದ. ಕಂಬಳಿ ವ್ಯಾಪಾರದ ಕ್ಯಾತಪ್ಪ ಅಲ್ಲಿ ಮೆಣಸಿನಕಾಯಿ ತಿನ್ನುತ್ತಿದ್ದ. ಕ್ಯಾತಪ್ಪ ಬೊಮ್ಮಣ್ಣನ ಬಾಲ್ಯದ ಗೆಳೆಯ. ಬೊಮ್ಮಣ್ಣ ಹೇಳಿದ್ದನ್ನೆಲ್ಲ ನಂಬುವುದು ಆತನ ಹುಟ್ಟುಗುಣ.

ದನಿ ಕೇಳಿ ಕ್ಯಾತಪ್ಪನ ಕೈಯಲ್ಲಿದ್ದ ಮೆಣಸಿನಕಾಯಿ ಅರ್ಧದಲ್ಲೇ ನಿಂತಿತು. "ಲೇ ಬೊಮ್ಮ! ಅಕ್ಕ ಅಂದ್ರೆ ಯಾರಲೇ?"

"ಬಾಂಬೆಯೋಳು ಇರ್ಬೇಕು. ಇಲ್ಲಾ ದುಬೈ."

"ಮತ್ತೆ ಮಾತು ಮೊಳಕಾಲ್ಮೂರು ಕಡೇದು ಇದ್ದಂಗೈತೆ?"

"ಅದೇ ಅವರ ಚಾಲಾಕಿ. ನಮ್ಮ ಭಾಷೆ ಕಲ್ತವ್ರೆ."

ಎಣ್ಣೆ ಬಾಣಲೆಯ ಮುಂದೆ ನಿಂತಿದ್ದ ನಿಂಗಕ್ಕ ಹೇಳಿದಳು: "ಮದ್ವೆ ಮಾತು ಇದ್ದಂಗೈತೆ ಕಣಣ್ಣ. ನಮ್ಮ ಸುಲೋಚನಮ್ಮನ ಮಗಳ್ದು ಆದಾಗ್ಲೂ ಹಿಂಗೇ ಮ್ಯಾಚ್ ಫಿಕ್ಸ್ ಅಂತ ಫೋನ್ ಬಂದಿತ್ತು."

"ನಿಂಗಕ್ಕ, ನೀನು ಮೆಣಸಿನ್ಕಾಯಿ ನೋಡ್ಕ" ಎಂದ ಬೊಮ್ಮಣ್ಣ ಬಹಳ ಗಾಂಭೀರ್ಯದಿಂದ. ಆ ಬೀದಿಯಲ್ಲಿ ಅವತ್ತು ಬುದ್ಧಿ ಕೆಲಸ ಮಾಡುತ್ತಿದ್ದವಳು ಅವಳೊಬ್ಬಳೇ. ಅವಳು ಮೆಣಸಿನಕಾಯಿ ನೋಡಿಕೊಂಡಳು.

ಇಬ್ಬರೂ ಪೊಲೀಸರ ಹತ್ತಿರ ಹೋದರು. ಹೆಡ್ ಕಾನ್‌ಸ್ಟೇಬಲ್ ಮಾರುತೇಶ ದನಿಯನ್ನು ಒಂದು ಸಲ ಕೇಳಿ, "ಆಟ ಎಲ್ಲಿ?" ಎಂದ.

"ಬೆಂಗ್ಳೂರಾಗೆ ಸಾರ್."

"ನಮ್ಮ ಲಿಮಿಟ್ಟಿಗೆ ಬರಲ್ಲ."

"ಮೆಸೇಜು ಬಂದಿರೋದು ನಿಮ್ಮ ಲಿಮಿಟ್ಟಿಗೇ ಸಾರ್. ನೋಡ್ರಿ, ನನ್ನ ಜೇಬಿಗೆ."

ಮಾರುತೇಶ ಬೊಮ್ಮಣ್ಣನನ್ನು ಮೇಲಿಂದ ಕೆಳಗೆ ನೋಡಿದ. "ಅಕ್ಕನಿಗೆ ಅಂತ ಕಳ್ಸಿದಾರೆ. ಬಂದಿರೋದು ನಿನಗೆ. ಅಂದ್ಮೇಲೆ ಲೆಕ್ಕದ ಪ್ರಕಾರ ಅಕ್ಕ ನೀನೇ ಆಗ್ತೀಯ. ಕೇಸ್ ಹಾಕ್ಲಾ?"

ಅಕ್ಕನಾಗುವ ಇಷ್ಟ ಬೊಮ್ಮಣ್ಣನಿಗೆ ಇರಲಿಲ್ಲ. ಕಾನೂನು ಕೂಡ ಅವರ ಕೈಯಲ್ಲಿದೆ ಎಂಬುದು ಆತನಿಗೆ ಇದರಿಂದ ಖಾತ್ರಿಯಾಯಿತು. ಇನ್ನು ಉಳಿದದ್ದು ಜನತಾ ನ್ಯಾಯಾಲಯ ಒಂದೇ ಎಂದು ತೀರ್ಮಾನಿಸಿದ.

ಭಾನುವಾರ ಸಂಜೆ ನಿಂಗಕ್ಕನ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಫುಟ್‌ಬಾಲ್ ಎಂದರೆ ಏನೆಂದು ಗೊತ್ತಿಲ್ಲದ ನಲವತ್ತು ಜನ ಟಿವಿಯ ಮುಂದೆ ಉಸಿರು ಬಿಗಿಹಿಡಿದು ಕೂತಿದ್ದರು. ಗೋಲು ಯಾರಿಗೂ ಬೇಕಿರಲಿಲ್ಲ, ಎಲ್ಲರೂ ಬಣ್ಣ ಕಾಯುತ್ತಿದ್ದರು. ಮೊದಲ ಅರ್ಧದಲ್ಲಿ ಒಬ್ಬ ಆಟಗಾರ ಇನ್ನೊಬ್ಬನ ಅಂಗಿ ಎಳೆದ. ಪರದೆಯ ಮೇಲೆ ಬೆರಳುದ್ದ ಕಾಣುತ್ತಿದ್ದ ರೆಫರಿ ಓಡಿಬಂದು ಹಳದಿ ಕಾರ್ಡು ಎತ್ತಿದ.

"ಹಳದಿ ಮೊದ್ಲು!" ಎಂದು ಬೊಮ್ಮಣ್ಣ ಬೆಂಚಿನ ಮೇಲೆ ಹತ್ತಿ ನಿಂತ.

ಎರಡನೇ ಅರ್ಧದಲ್ಲಿ ಅದೇ ಆಟಗಾರ ಕಾಲು ಚಾಚಿದ, ಎದುರಿನವನು ಹಾರಿ ಬಿದ್ದ. ರೆಫರಿ ಮತ್ತೆ ಹಳದಿ ಎತ್ತಿದ. ಎರಡು ಹಳದಿಯಾದರೆ ಕೆಂಪು ತೋರಿಸಬೇಕು ಎನ್ನುವುದು ಆಟದ ನಿಯಮ. ಅದು ಅಲ್ಲಿದ್ದ ನಲವತ್ತು ಜನರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಕೆಂಪು ಮೇಲೆದ್ದಾಗ ಅಂಗಡಿಯಲ್ಲಿ ಎದ್ದ ಕೂಗಿಗೆ ಹೊರಗೆ ನಿಂತಿದ್ದ ಆಟೋದವರು ಯಾರಿಗೋ ಏನೋ ಆಯಿತು ಎಂದು ಒಳಗೆ ಓಡಿಬಂದರು. ಬೊಮ್ಮಣ್ಣನ ಕಣ್ಣಲ್ಲಿ ನೀರು ಬಂತು. ಆಟದ ವಿಷಯದಲ್ಲಿ ಇಷ್ಟು ಜನ ತನ್ನನ್ನು ನಂಬಿದ್ದು ಆತನ ಜೀವಮಾನದಲ್ಲಿ ಅದೇ ಮೊದಲು.

ಕ್ಯಾತಪ್ಪ ಆ ಆವೇಶದಲ್ಲೇ ವಿಡಿಯೋ ಮಾಡಿದ. ಅದರಲ್ಲಿ ಆತನ ಹೆಬ್ಬೆರಳು ಕಾಲು ಭಾಗ, ಬೊಮ್ಮಣ್ಣ ಮುಕ್ಕಾಲು ಭಾಗ ಕಾಣುತ್ತಿದ್ದರು. "ನಾನು ಮೂವತ್ತೊಂದು ವರ್ಷ ಶೇಂಗಾ ತೂಗಿದೋನು. ಒಂದು ಕಾಳು ಮೋಸ ಮಾಡಿದೋನಲ್ಲ. ಈ ರೆಫ್ರಿ ತನ್ನನ್ನೇ ಮಾರ್ಕಂಡವ್ನೆ. ಕೇಳ್ರಿ ಸಾಕ್ಷಿ" ಎಂದು ಬೊಮ್ಮಣ್ಣ ಜೋಗಪ್ಪನ ದನಿಯನ್ನು ಲೋಕಕ್ಕೆ ಕೇಳಿಸಿದ. ವಿಡಿಯೋ ಕಂಬಳಿಯವರ ಗುಂಪಿನಿಂದ ಎಣ್ಣೆ ಮಿಲ್ಲಿನವರ ಗುಂಪಿಗೆ, ಅಲ್ಲಿಂದ ಚಿತ್ರದುರ್ಗಕ್ಕೆ, ಅಲ್ಲಿಂದ ಬೆಂಗಳೂರಿಗೆ ಓಡಿತು. ಅದು ಹೋಗದೆ ಉಳಿದದ್ದು ಬೊಮ್ಮಣ್ಣನ ಮನೆಗೆ ಮಾತ್ರ. ಅಲ್ಲಿ ಗಂಡಿನ ಮನೆಯಿಂದಲೇ ಸುದ್ದಿ ತಿಳಿದು, ತಾಯಿ ಮಗಳು ನಾಳೆ ಬರುವ ನೆಂಟರಿಗಾಗಿ ಹೂರಣ ರುಬ್ಬುತ್ತಿದ್ದರು.

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಅಂಜನ್ ತಾಯಿ ಸಿದ್ದಕ್ಕನ ಜೊತೆ ಬಂದ. ಜೋಗಪ್ಪ ಹಣ್ಣು ಎಲೆಯಡಿಕೆ ತರಲು ಸಂತೆಪೇಟೆಯಲ್ಲೇ ಇಳಿದುಕೊಂಡಿದ್ದ. ಇಸ್ತ್ರಿ ಅಂಗಿ ಹಾಕಿ ಕೂತಿದ್ದ ಬೊಮ್ಮಣ್ಣನಿಂದ ರಾಧಮ್ಮ ಬಾಯಿ ಬಿಡುವುದಿಲ್ಲವೆಂದು ದೇವರ ಮುಂದೆ ಆಣೆ ಮಾಡಿಸಿಕೊಂಡಿದ್ದಳು. ಅರ್ಧ ಗಂಟೆ ಆತ ನಿಜಕ್ಕೂ ಬಾಯಿ ಬಿಡಲಿಲ್ಲ. ಹುಡುಗ ಆತನಿಗೆ ಹಿಡಿಸಿಯೂಬಿಟ್ಟಿದ್ದ. ಎರಡನೇ ಹೋಳಿಗೆ ಬೇಡ ಎಂದ ಮೇಲೆ ಬೇಡವೆಂದೇ ಕೂತಿದ್ದ. ಬೇಡ ಎನ್ನುತ್ತಾ ತಟ್ಟೆ ಮುಂದೆ ಚಾಚುವ ಹನ್ನೊಂದು ಹುಡುಗರನ್ನು ಬೊಮ್ಮಣ್ಣ ನೋಡಿದ್ದ.

ಆ ಖುಷಿಯಲ್ಲೇ ಒಂದು ಮಾತು ಕೇಳಿದ. "ಆಟದ ಮೇಷ್ಟ್ರು ಅಂದ್ರಿ. ಫುಟ್‌ಬಾಲ್ ನೋಡ್ತೀರಾ?"

ಒಳಗೆ ರಾಧಮ್ಮನ ಕೈಯಿಂದ ತಟ್ಟೆ ಜಾರಿತು.

"ಹತ್ರದಿಂದ ನೋಡ್ತೀನ್ರಿ" ಎಂದ ಅಂಜನ್.

"ಈ ರೆಫ್ರಿಗಳ ಬಗ್ಗೆ ಏನಂತೀರಿ?"

ಅಂಜನ್ ಬಾಗಿಲ ಹಿಂದೆ ನಿಂತಿದ್ದ ಸೌಂದರ್ಯಳ ಮುಖ ನೋಡಿದ. ಆ ಮುಖದ ಮೇಲೆ ಬೇಡ ಬೇಡ ಎಂದು ಬರೆದಿತ್ತು. ಆದರೆ ಸುಳ್ಳು ಹೇಳಿ ಆತನಿಗೆ ಅಭ್ಯಾಸವಿರಲಿಲ್ಲ. ಹೇಗೆ ಹೇಳುವುದು ಎಂದು ಆತ ಯೋಚಿಸುವಷ್ಟರಲ್ಲಿ ಜೋಗಪ್ಪ ಎರಡು ಕೈಯಲ್ಲೂ ಚೀಲ ಹಿಡಿದುಕೊಂಡು ಬಂದು, ಬಾಗಿಲಲ್ಲೇ ದೊಡ್ಡ ದನಿ ತೆಗೆದ: "ಅಕ್ಕಾ, ನಾನು ಹೇಳಿರ್ಲಿಲ್ವಾ? ಮ್ಯಾಚ್ ಫಿಕ್ಸ್!"

ಆ ದನಿಯನ್ನು ಬೊಮ್ಮಣ್ಣ ಎರಡು ದಿನದಲ್ಲಿ ನೂರು ಸಲ ಕೇಳಿದ್ದ. ಒಂದೇ ನೆಗೆತಕ್ಕೆ ಹೋಗಿ ಜೋಗಪ್ಪನ ಕುತ್ತಿಗೆಪಟ್ಟಿ ಹಿಡಿದ. "ಸಿಕ್ದೆ ಮಗನೆ! ಎಲ್ಲಲೇ ನಿಮ್ಮ ಅಕ್ಕ? ಎಲ್ಲಿ ಪೆದ್ದಾಯನ?"

"ಅಕ್ಕ ಅಡಿಗೆ ಮನೇಲವ್ಳೆ! ಪೆದ್ದಾಯನ ನೀವೇ ಅಲ್ವೇನ್ರಿ!" ಎಂದು ಜೋಗಪ್ಪ ಅರಚಿದ.

ಎಳೆದಾಟದಲ್ಲಿ, ಸಿದ್ದಕ್ಕ ಆತನ ಕೈಗೆ ಕೊಟ್ಟಿದ್ದ ಚೀಲ ಹರಿಯಿತು. ಮೊದಲು ಹಳದಿ ಸೀರೆ ನೆಲಕ್ಕೆ ಬಿತ್ತು. ಅದರ ಮೇಲೆ ಕೆಂಪು ಬಿತ್ತು.

ಬೊಮ್ಮಣ್ಣ ಎರಡನ್ನೂ ನೋಡಿದ. ಜೋಗಪ್ಪನ ಕುತ್ತಿಗೆಪಟ್ಟಿ ತಾನಾಗಿ ಆತನ ಕೈಯಿಂದ ಬಿಟ್ಟುಹೋಯಿತು. ಆ ಹೊತ್ತಿಗೆ ಸರಿಯಾಗಿ ಅಂಜನ್ ಫೋನು ಬಡಿದುಕೊಂಡಿತು. ಆತ "ಹೌದು ಸರ್" ಎಂದ. ಕೊನೆಗೆ "ಸರಿ ಸರ್" ಎಂದು ಫೋನಿಟ್ಟ. ಚಳ್ಳಕೆರೆಯಲ್ಲಿ ಶೇಂಗಾ ತೂಗುವವರೊಬ್ಬರ ವಿಡಿಯೋ ಬಂದಿರುವುದಾಗಿಯೂ, ವಿಚಾರಣೆ ಮುಗಿಯುವವರೆಗೆ ಆತ ಯಾವ ಮೈದಾನದಲ್ಲೂ ಸೀಟಿ ಊದುವಂತಿಲ್ಲವೆಂದೂ ಲೀಗಿನವರು ತಿಳಿಸಿದ್ದರು.

"ಆ ಎರಡ್ನೇ ಹಳದಿ ಕೊಡಬಾರದಿತ್ತು ಯಜಮಾನ್ರೆ" ಎಂದ ಅಂಜನ್, ಸೀರೆಗಳನ್ನು ಮಡಿಸುತ್ತಾ. "ಬಸ್ಸಲ್ಲಿ ಬರ್ತಾ ಫೋನಾಗೆ ಹದಿನೇಳು ಸಲ ನೋಡ್ದೆ. ಕಾಲು ತಾಕಿರಲಿಲ್ಲ, ನನ್ನ ಕಣ್ಣಿಗೆ ತಾಕ್ದಂಗೆ ಕಾಣಿಸ್ತು. ಅದು ತಪ್ಪು. ಮೋಸ ಅಲ್ಲ. ತಪ್ಪಿಗೆ ಬೈಸ್ಕಳಾಕೆ ನಾನು ತಯಾರಿದ್ದೆ. ಇದಕ್ಕೆ ತಯಾರಿರಲಿಲ್ಲ."

ಆತ ಕೂಗಾಡಿದ್ದರೆ ಬೊಮ್ಮಣ್ಣನಿಗೆ ಸಮಾಧಾನವಾಗುತ್ತಿತ್ತು. ಸಿದ್ದಕ್ಕ ಎದ್ದು ನಿಂತು, "ಆ ಕೆಂಪಿಗೆ ಇಪ್ಪತ್ತೆರಡು ದಿನ ಮಗ್ಗದಾಗೆ ಕುಂತಿದ್ನಮ್ಮ" ಎಂದು ರಾಧಮ್ಮನಿಗೆ ಹೇಳಿ ಹೊರಟುಹೋದಳು.

ಅವತ್ತು ಮಧ್ಯಾಹ್ನವೇ ಬೊಮ್ಮಣ್ಣ ಇನ್ನೊಂದು ವಿಡಿಯೋ ಮಾಡಿಸಿದ. ಕ್ಯಾತಪ್ಪನ ಹೆಬ್ಬೆರಳಿನ ಪಕ್ಕದಲ್ಲಿ ಕೈಮುಗಿದು ನಿಂತು, "ನಾನು ಹೇಳಿದ್ದು ತಪ್ಪು. ಅದು ಸೀರೆ ವಿಷ್ಯ. ಆಟ ನ್ಯಾಯವಾಗೇ ನಡ್ದೈತೆ" ಎಂದ. ಮೊದಲನೆಯ ವಿಡಿಯೋ ನಂಬಿದ್ದ ಜನ ಇದನ್ನು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕರು. "ಬೊಮ್ಮಣ್ಣನ್ನೂ ಫಿಕ್ಸ್ ಮಾಡಿದ್ರು" ಎಂದು ಒಬ್ಬ ಬರೆದ. "ಅಕ್ಕನ ಕೈ ಉದ್ದ ಐತೆ" ಎಂದು ಇನ್ನೊಬ್ಬ. ಸೀರೆ ವಿಷ್ಯ ಎಂಬ ಮಾತಂತೂ ಊರಲ್ಲಿ ಲಂಚಕ್ಕೆ ಹೊಸ ಹೆಸರಾಯಿತು.

ಬುಧವಾರ ಮಿಲ್ಲಿಗೆ ದೊಡ್ಡಉಳ್ಳಾರ್ತಿಯ ರೈತನೊಬ್ಬ ಶೇಂಗಾ ತಂದ. ಬೊಮ್ಮಣ್ಣ ತೂಗಿದ. ರೈತ ಮೆಷಿನ್ನಿನ ಮುಂದೆ ಬಗ್ಗಿ, ಅಂಕಿ ನೋಡಿ, "ಇನ್ನೊಂದ್ಸಲ ತೂಗ್ರಿ" ಎಂದ. ಮೂವತ್ತೊಂದು ವರ್ಷದಲ್ಲಿ ಆ ಮಾತು ಆತನ ಕಿವಿಗೆ ಬಿದ್ದಿರಲಿಲ್ಲ. ತೂಗಿದ. ಅಷ್ಟೇ ಬಂತು. "ಯಾವ್ದಕ್ಕೂ ಬ್ಯಾರೆಯೋರ ಕೈಲಿ ತೂಗ್ಸಿ" ಎಂದ ರೈತ, ಬೇಜಾರಿಲ್ಲದೆ. ಶುಕ್ರವಾರದ ಹೊತ್ತಿಗೆ ಮಾಲೀಕರು ಬೊಮ್ಮಣ್ಣನನ್ನು ಗೇಟಿನ ಹತ್ತಿರ ಚೀಟಿ ಹರಿಯುವ ಕೆಲಸಕ್ಕೆ ಕೂರಿಸಿದರು. ನಿಂಗಕ್ಕ ಅಷ್ಟು ದಿನ ತಡೆದುಕೊಂಡು, ಕೊನೆಗೆ ತಡೆಯಲಾರದೆ, "ನಾನು ಅವತ್ತೇ ಅಂದಿದ್ದೆ" ಎಂದಳು.

ಮುಂದಿನ ಭಾನುವಾರ ಬೆಳಿಗ್ಗೆ ಲೀಗಿನ ಶಿಸ್ತು ಸಮಿತಿಯವರು ಫೋನ್ ಮಾಡಿದರು. ಮನೆಯಲ್ಲಿ ಮೂವರೂ ಇದ್ದರು. ಕ್ಯಾತಪ್ಪ ತಪ್ಪೊಪ್ಪಿಗೆಗೆಂದು ಒಂದು ಚಿಪ್ಪು ಬಾಳೆಹಣ್ಣು ಹಿಡಿದು ಬಂದಿದ್ದ. ಬೊಮ್ಮಣ್ಣ ಸ್ಪೀಕರ್ ಹಾಕಿದ.

"ಆ ದನಿ ಮದುವೆ ಮಾತುಕತೆಯದು ಅಂತ ಜೋಗಪ್ಪ ಅನ್ನೋರು ಒಪ್ಪಿಕೊಂಡಿದ್ದಾರೆ" ಎಂದರು ಸಮಿತಿಯವರು, ಬಹಳ ಮರ್ಯಾದೆಯಿಂದ. "ಅಂದಮೇಲೆ ದೂರು ಕೊಟ್ಟ ನೀವೇ ಹೆಣ್ಣಿನ ತಂದೆ. ದೂರು ವಾಪಸ್ ತಗೊಂಡ ನೀವೇ ಹೆಣ್ಣಿನ ತಂದೆ. ಅಳಿಯನನ್ನು ಉಳಿಸೋಕೆ ಮಾತು ಬದಲಾಯಿಸಿದಿರಿ ಅಂತ ಅವತ್ತು ಕೆಂಪು ಕಾರ್ಡು ತಿಂದ ಕ್ಲಬ್ಬಿನವರು ಹೇಳ್ತಾರೆ."

"ಹಂಗಲ್ಲ ಸಾರ್. ಆ ಹುಡ್ಗ ಚಿನ್ನ."

"ನೋಡಿ, ನೀವು ಹೀಗಂದಷ್ಟೂ ಅವರಿಗೇ ಕಷ್ಟ. ಒಂದು ದಾರಿ ಇದೆ. ರೆಫರಿಯವರಿಗೂ ನಿಮ್ಮ ಮನೆಗೂ ಈಗಾಗಲಿ ಮುಂದಾಗಲಿ ಯಾವ ಸಂಬಂಧವೂ ಇಲ್ಲ ಅಂತ ಬರೆದು, ಸಹಿ ಹಾಕಿ ಕಳಿಸಿ. ಆಗ ನೀವು ಯಾರ ಕಡೆಯವರೂ ಅಲ್ಲ, ನಿಮ್ಮ ಎರಡನೇ ಮಾತನ್ನು ನಾವು ನಂಬಬಹುದು. ಈ ವಾರವೇ ಅವರು ಮೈದಾನಕ್ಕಿಳೀತಾರೆ. ಸಂಬಂಧ ಇದೆ ಅಂದರೆ ವಿಚಾರಣೆ ಮುಂದುವರಿಯುತ್ತೆ. ಎಷ್ಟು ವರ್ಷ ಅಂತ ನಾನು ಹೇಳಲಾರೆ."

ಬೊಮ್ಮಣ್ಣ ಫೋನಿಟ್ಟ. ಸೌಂದರ್ಯ ಒಳಗೆ ಹೋಗಿ ಒಂದು ಬಿಳಿ ಹಾಳೆ, ಒಂದು ಪೆನ್ನು ತಂದು ಅಪ್ಪನ ಮುಂದಿಟ್ಟಳು.

"ಬರಿ ಅಪ್ಪ."

"ಏನಂತವ್ವ?"

"ಸಂಬಂಧ ಇಲ್ಲ ಅಂತ."

"ಅದು ಸುಳ್ಳಾಗುತ್ತಲ್ಲವ್ವ. ನಿನ್ನ ಮನಸ್ನಾಗೆ..."

"ನನ್ನ ಮನಸ್ಸು ಹಾಳೆ ಮ್ಯಾಲೆ ಬರಲ್ಲ, ನೀನು ಬರಿ. ಆತ ಹತ್ತ್ ವರ್ಷ ಓಡಿ ಓಡಿ ಆ ಸೀಟಿ ಸಂಪಾದ್ಸಿದಾನೆ. ನನ್ನಿಂದ ಅದು ಹೋಗಬಾರ್ದು."

ಅವಳು ಅಳಲಿಲ್ಲ. ಅತ್ತದ್ದು ಕ್ಯಾತಪ್ಪ, ಕೈಯಲ್ಲಿ ಬಾಳೆಹಣ್ಣು ಹಿಡಿದುಕೊಂಡು. ಬೊಮ್ಮಣ್ಣ ಬರೆದ. ಮೂವತ್ತೊಂದು ವರ್ಷ ಒಂದು ಸುಳ್ಳು ಅಂಕಿ ಬರೆಯದ ಕೈ "ಯಾವ ಸಂಬಂಧವೂ" ಎಂಬಲ್ಲಿ ಎರಡು ಸಲ ನಿಂತಿತು. ಸಾಕ್ಷಿಯೆಂದು ಕ್ಯಾತಪ್ಪ ಸಹಿ ಹಾಕಿದ. ಬೊಮ್ಮಣ್ಣ ಜೀವನಪೂರ್ತಿ ಹುಡುಕಿದ ಫಿಕ್ಸ್ ಆದ ಆಟ ಕೊನೆಗೂ ಆತನ ಮನೆಯ ನಡುಮನೆಯಲ್ಲಿ, ಆತನ ಕೈಯಿಂದಲೇ ನಡೆಯಿತು.

ಮೂರು ವಾರ ಕಳೆದ ಮೇಲೆ ಒಂದು ಸಂಜೆ ಬೊಮ್ಮಣ್ಣ ಜಗುಲಿಯ ಮೇಲೆ ಕೂತಿದ್ದ. ಒಳಗೆ ಸೌಂದರ್ಯ ಟಿವಿ ಹಾಕಿದ್ದಳು. ಅಂಜನ್ ಓಡುತ್ತಿದ್ದ. ಯಾರೋ ಬಿದ್ದ, ಅಂಜನ್ ಸೀಟಿ ಊದಿ ಪೆನಾಲ್ಟಿ ಕೊಟ್ಟ. ಅದೇ ಹೊತ್ತಿಗೆ ಕ್ಯಾತಪ್ಪ ಬೀದಿಯಿಂದ ಓಡಿಬಂದ.

"ನೋಡ್ದೇನಲೇ ಬೊಮ್ಮ? ನಿಂಗಕ್ಕನ ಅಂಗಡ್ಯಾಗೆ ಎಲ್ರೂ ಬೈತಾವ್ರೆ. ಪೂರಾ ಫಿಕ್ಸು ಅಂತ!"

"ಇಲ್ಲ ಕಣಲೇ. ಸರಿಯಾಗೇ ಕೊಟ್ಟವ್ನೆ."

"ನೀನ್ಯಾಕೆ ಆತನ ಪರ ಮಾತಾಡ್ತೀಯ? ಆತ ನಿನಗೇನಾಗ್ಬೇಕು?"

ಕ್ಯಾತಪ್ಪ ಅಭ್ಯಾಸಬಲದಿಂದ ಕೇಳಿಬಿಟ್ಟಿದ್ದ. ಕೇಳಿದ ಮೇಲೆ ನಾಲಗೆ ಕಚ್ಚಿಕೊಂಡ. ಒಳಗೆ ಟಿವಿಯ ದನಿ ಇದ್ದಕ್ಕಿದ್ದಂತೆ ದೊಡ್ಡದಾಯಿತು.

"ಏನೂ ಆಗ್ಬೇಕಿಲ್ಲ" ಎಂದ ಬೊಮ್ಮಣ್ಣ.